ಹಗ್ಗದ ಮೇಲೆ ಎಂಟು ಮಾಸ್ಕು

ಡಿಸೆಂಬರ್ 2ರ ಸಂಜೆ ಟಿವಿಯಲ್ಲಿ ಒಮಿಕ್ರಾನ್ ಅಂತ ದೊಡ್ಡ ಅಕ್ಷರ ಓಡತೊಡಗಿತು. ದೇಶದ ಮೊದಲ ಎರಡು ಪ್ರಕರಣ ನಮ್ಮ ರಾಜ್ಯದಲ್ಲೇ ಸಿಕ್ಕಿದ್ದವು. ಹೆಂಡತಿ ಕೂತಲ್ಲೇ ಮೊಬೈಲ್ ತೆಗೆದು ಐವತ್ತು ಮಾಸ್ಕಿನ ಬಾಕ್ಸೊಂದನ್ನು ಕಾರ್ಟಿಗೆ ಹಾಕಿದಳು. ನಾನು ಬೀರುವಿನ ಕೆಳಗಿನ ಡ್ರಾಯರ್ ಎಳೆದು ಬಟ್ಟೆ ಮಾಸ್ಕುಗಳನ್ನು ಎಣಿಸಿದೆ. ಎಂಟಿದ್ದವು. ಎರಡರ ಎಲಾಸ್ಟಿಕ್ ಸಡಿಲವಾಗಿತ್ತು.

"ಈಗ್ಲೂ ಅದನ್ನೇ ಹಾಕ್ಕೊಂಡು ಓಡಾಡ್ತೀಯಾ?" ಅಂದಳು.

ಅವಳು ಕೇಳಿದ್ದು ತಪ್ಪಲ್ಲ. ಆದರೆ ಉತ್ತರ ಹೇಳಬೇಕಾದರೆ ಒಂದೂವರೆ ವರ್ಷ ಹಿಂದಕ್ಕೆ ಹೋಗಬೇಕು.

2020ರ ಜುಲೈ. ಆಫೀಸು ಊಟದ ಟೇಬಲ್ಲಿಗೇ ಬಂದಿತ್ತು, ನಿಜ. ಆದರೂ ಹಾಲು, ತರಕಾರಿ, ಅಪ್ಪನ ಶುಗರ್ ಮಾತ್ರೆ, ಟೆರೇಸಿಗೆ ಹೋಗಿ ಬರೋದು ಅಂತ ಮಾಸ್ಕ್ ಬೇಕೇ ಬೇಕಿತ್ತು. ಮನೆಯಲ್ಲಿ ಮೂವರು. ದಿನಕ್ಕೆ ತಲಾ ಒಂದು ಅಂತ ಇಟ್ಟರೂ ತಿಂಗಳಿಗೆ ತೊಂಬತ್ತು. ಹದಿನೇಳು ದಿನಕ್ಕೆ ಒಂದು ಬಾಕ್ಸ್ ಖಾಲಿ. ಮನೆಗೆ ಬಂದ ತಕ್ಷಣ ಕಿವಿಯಿಂದ ಬಿಚ್ಚಿ, ಮುಖದ ಹತ್ತಿರ ಬರದ ಹಾಗೆ ಎರಡು ಬೆರಳಲ್ಲಿ ಹಿಡಿದು, ಡಬ್ಬಕ್ಕೆ ಹಾಕಿ, ಕೈ ತೊಳೆದರೆ ನನ್ನ ಪಾಲಿಗೆ ಅದರ ಕಥೆ ಮುಗಿಯಿತು. ಇಷ್ಟು ಜಾಗ್ರತೆ ಮಾಡ್ತಿದ್ದೀನಲ್ಲ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಒಣಕಸದ ದಿನ ಬೆಳಿಗ್ಗೆ ಸೀಟಿ ಕೇಳಿ ಕೆಳಗೆ ಹೋದೆ. ನಮ್ಮ ಬೀದಿಯ ಕಸದ ಆಟೋ ಜೊತೆ ಬರುವವರು ಐವತ್ತರ ಆಸುಪಾಸಿನ ಒಬ್ಬ ಅಮ್ಮ. ಕೈಗೆ ಗ್ಲೌಸ್ ಇರಲಿಲ್ಲ, ಮುಖಕ್ಕೆ ಸೀರೆ ಸೆರಗು. ನನ್ನ ಚೀಲವನ್ನು ಅವರು ಗೋಣಿಗೆ ಸುರಿದರು. ಪಾರ್ಸೆಲ್ ಡಬ್ಬಿ, ರಟ್ಟಿನ ಪೆಟ್ಟಿಗೆ, ಹಾಲಿನ ಕವರ್, ಅದರ ನಡುವೆ ನೀಲಿ ಮಾಸ್ಕುಗಳು. ಒಂದರ ದಾರ ಇನ್ನೊಂದಕ್ಕೆ ಸಿಕ್ಕಿಕೊಂಡು ಮಾಲೆಯಾಗಿತ್ತು. ಅದನ್ನು ಬರಿಗೈಯಲ್ಲಿ ಹಿಡಿದು ಎಳೆದರು.

"ಸಾರ್, ಇದನ್ನೆಲ್ಲ ಒಟ್ಟಿಗೆ ಹಾಕ್ಬೇಡಿ. ಕೈ ಹಾಕೋರು ನಾವು."

ಜಗಳದ ದನಿಯಲ್ಲ. ಉಪ್ಪು ಜಾಸ್ತಿ ಆಯ್ತು ಅಂತ ಹೇಳುವಷ್ಟೇ ಸಹಜವಾಗಿ ಹೇಳಿ ಮುಂದಿನ ಮನೆಗೆ ಹೋದರು. ನಾನು ಎರಡು ಬೆರಳಲ್ಲಿ ಹಿಡಿಯುತ್ತಿದ್ದದ್ದನ್ನು ಅವರು ಮುಷ್ಟಿಯಲ್ಲಿ ಹಿಡಿದಿದ್ದರು.

ಅದಾಗಿ ಕೆಲವು ವಾರಕ್ಕೆ ಅವರು ಕಾಣಲಿಲ್ಲ. ಕೇಳಿದರೆ ಡ್ರೈವರ್ "ಪಾಸಿಟಿವ್ ಆಗವ್ರೆ" ಅಂದ. ನಮ್ಮ ಮಾಸ್ಕಿಂದಲೇ ಬಂತು ಅನ್ನೋಕೆ ಯಾವ ಆಧಾರವೂ ಇಲ್ಲ. ಆ ಸೋಂಕು ಹೆಚ್ಚಾಗಿ ಹರಡಿದ್ದು ಗಾಳಿಯಿಂದ, ಮುಟ್ಟಿದ ವಸ್ತುವಿನಿಂದಲ್ಲ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೂ ಆ ನೀಲಿ ಮಾಲೆ ಕಣ್ಣ ಮುಂದಿಂದ ಹೋಗಲಿಲ್ಲ. ಮೂರು ವಾರದ ಮೇಲೆ ಅವರು ವಾಪಸ್ ಬಂದಾಗ "ಹುಷಾರಾದ್ರಾ ಅಮ್ಮ?" ಅಂತ ಕೇಳುವುದರ ಹೊರತು ನನಗೆ ಬೇರೇನೂ ತೋಚಲಿಲ್ಲ.

ಆ ಮೂರು ವಾರದಲ್ಲಿ ನಾನು ಓದಿದ್ದು ಇಷ್ಟು. ನೋಡೋಕೆ ಕಾಗದದಂತೆ, ಮುಟ್ಟಿದರೆ ಬಟ್ಟೆಯಂತೆ ಇರುವ ಸರ್ಜಿಕಲ್ ಮಾಸ್ಕ್ ನಿಜಕ್ಕೂ ಪ್ಲಾಸ್ಟಿಕ್. ಪಾಲಿಪ್ರೊಪಿಲೀನ್. ನಮ್ಮ ಪಾರ್ಸೆಲ್ ಊಟ ಬರುವ ಡಬ್ಬಿಗಳಲ್ಲಿ ಎಷ್ಟೋ ಇದರದ್ದೇ. ಅದನ್ನೇ ಕರಗಿಸಿ ಸಣ್ಣ ಎಳೆ ಎಳೆದು ಮೂರು ಪದರ ಮಾಡುತ್ತಾರೆ. ಜೊತೆಗೆ ಮೂಗಿನ ತಂತಿ, ಕಿವಿಯ ಎಲಾಸ್ಟಿಕ್. ಮೂರನ್ನೂ ಬಿಡಿಸಿ ಮರುಬಳಕೆಗೆ ಕಳಿಸುವ ತಾಳ್ಮೆ ಯಾರಿಗಿದೆ? ಮಣ್ಣಿಗೆ ಬಿದ್ದರೆ ಕೊಳೆಯೋದಿಲ್ಲ. ಬಿಸಿಲಿಗೆ ಹರಿದು ಎಳೆ ಎಳೆಯಾಗುತ್ತದೆ, ಅಷ್ಟೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆಗಲೇ ಹೇಳಿತ್ತು: ಮನೆಗಳಲ್ಲಿ ಬಳಸಿದ ಮಾಸ್ಕನ್ನು ಕಾಗದದ ಚೀಲದಲ್ಲಿ ಕನಿಷ್ಠ 72 ಗಂಟೆ ಇಟ್ಟು, ಮತ್ತೆ ಯಾರೂ ಬಳಸದ ಹಾಗೆ ಕತ್ತರಿಸಿ, ಆಮೇಲೆ ಕಸಕ್ಕೆ ಕೊಡಿ ಅಂತ. ದಿನಾ ಸುದ್ದಿ ಓದುವ ನನಗೇ ಇದು ಗೊತ್ತಿರಲಿಲ್ಲ.

ನಮ್ಮ ರಸ್ತೆ ಮೂಲೆಯಲ್ಲೊಬ್ಬ ಟೈಲರ್ ಇದ್ದಾರೆ. ಆ ವರ್ಷ ಮದುವೆಗಳಿಲ್ಲ, ಬ್ಲೌಸ್ ಹೊಲಿಸುವವರಿಲ್ಲ. ಉಳಿದ ಲೈನಿಂಗ್ ಬಟ್ಟೆಯಲ್ಲಿ ಮಾಸ್ಕ್ ಹೊಲಿದು ಅಂಗಡಿ ಬಾಗಿಲಿಗೆ ನೇತುಹಾಕಿದ್ದರು. ಒಂದಕ್ಕೆ ಮೂವತ್ತು ರೂಪಾಯಿ. ಮೂರು ಪದರ ಹಾಕಿ, ಮೂಗಿನ ಹತ್ತಿರ ಬಿಗಿ ಮಾಡಿಕೊಡಿ ಅಂತ ಎಂಟು ಹೇಳಿದೆ. "ಎಂಟಾ ಸಾರ್?" ಅಂತ ಎರಡು ಸಲ ಕೇಳಿದರು. ಆ ದಿನ ಅವರಿಗೆ ಅದೇ ದೊಡ್ಡ ಆರ್ಡರ್.

ಕಷ್ಟ ಶುರುವಾದದ್ದು ಆಮೇಲೆ. ಬಟ್ಟೆ ಮಾಸ್ಕನ್ನು ದಿನಾ ತೊಳೀಬೇಕು. ಮೊದಲನೇ ವಾರ ನಾನು ಬಿಚ್ಚಿ ಕುರ್ಚಿ ಮೇಲೆ ಎಸೆದೆ. ಎರಡನೇ ದಿನ ಅದನ್ನೇ ಹಾಕಿಕೊಂಡೆ. ಮೂರನೇ ದಿನ ಬಾಗಿಲಲ್ಲಿ ಹೆಂಡತಿ ಹಿಡಿದಳು.

"ಭೂಮಿ ಉಳಿಸೋರು ನೀವು, ಮಾಸ್ಕ್ ಒಗೆಯೋರು ಯಾರು?"

ಸಿಟ್ಟು ಬಂದಾಗ ಮಾತ್ರ ಅವಳು ನನಗೆ ಬಹುವಚನ ಕೊಡುತ್ತಾಳೆ. ಕಸ ಕಡಿಮೆ ಮಾಡುವ ತೀರ್ಮಾನ ನನ್ನದು. ಕೆಲಸ ಮಾತ್ರ ಸದ್ದಿಲ್ಲದೆ ಅವಳ ಬಕೆಟ್ಟಿಗೆ ಹೋಗಲಿ ಅಂತ ನಾನು ಅಂದುಕೊಂಡಿದ್ದೆ. ಯೋಚಿಸಿದರೆ, ಬಳಸಿ ಎಸೆಯುವಾಗಲೂ ನಾನು ಮಾಡಿದ್ದು ಅದೇ. ಆಗ ಆ ಅಮ್ಮನ ಕೈಗೆ ದಾಟಿಸಿದ್ದೆ, ಈಗ ಇವಳ ಕೈಗೆ. ಅವತ್ತಿಂದ ಸ್ನಾನದ ಬಿಸಿನೀರಲ್ಲಿ ಒಂದು ಮಗ್ ಉಳಿಸಿ, ಸೋಪು ಹಾಕಿ, ಮೂವರ ಮಾಸ್ಕನ್ನೂ ನಾನೇ ತಿಕ್ಕಿ ಟೆರೇಸಿನ ಹಗ್ಗಕ್ಕೆ ಹಾಕುತ್ತೇನೆ. ಐದು ನಿಮಿಷದ ಕೆಲಸ. ಮಳೆಗಾಲದಲ್ಲಿ ಒಣಗದೆ ಇಸ್ತ್ರಿ ಪೆಟ್ಟಿಗೆ ಹಿಡಿದದ್ದೂ ಉಂಟು.

2021ರ ಏಪ್ರಿಲ್‌ನಲ್ಲಿ ಈ ಶಿಸ್ತೆಲ್ಲ ಪಕ್ಕಕ್ಕಿಡಬೇಕಾಯಿತು. ಅಪ್ಪನಿಗೆ ಪಾಸಿಟಿವ್ ಬಂತು. ಮನೆಯಲ್ಲೇ ಒಂದು ರೂಮು, ಬಾಗಿಲಾಚೆ ತಟ್ಟೆ, ಎರಡು ಗಂಟೆಗೊಮ್ಮೆ ಬೆರಳಿಗೆ ಆಕ್ಸಿಮೀಟರ್. ಅವರ ರೂಮಿಗೆ ಹೋಗುವಾಗ ನಾನು ಬಟ್ಟೆ ಮಾಸ್ಕ್ ಹಾಕಲಿಲ್ಲ, ಎನ್-95 ಹಾಕಿದೆ. ಅಪ್ಪನ ಮುಖಕ್ಕೆ ಸರ್ಜಿಕಲ್. ಅಲ್ಲಿ ಪರಿಸರದ ಲೆಕ್ಕ ಹಾಕುತ್ತಾ ಕೂರುವುದು ಮೂರ್ಖತನ. ವೈರಸ್ ತಡೆಯುವುದರಲ್ಲಿ ಲೈನಿಂಗ್ ಬಟ್ಟೆ ಎನ್-95ಗೆ ಸಮ ಅಲ್ಲವೇ ಅಲ್ಲ. ಎರಡು ವಾರದಲ್ಲಿ ನಾವು ಎಸೆದ ಮಾಸ್ಕುಗಳು ಅದರ ಹಿಂದಿನ ಆರು ತಿಂಗಳಿಗಿಂತ ಜಾಸ್ತಿ.

ಆದರೆ ಈ ಸಲ ಒಂದೊಂದನ್ನೂ ಕತ್ತರಿಸಿದೆ. ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ತಾರೀಕು ಬರೆದು ಬೇರೆ ಇಟ್ಟೆ. ಆ ಅಮ್ಮನ ಕೈಗೆ ಗ್ಲೌಸ್ ಬಂದಿತ್ತು. ಪೊಟ್ಟಣದ ಗಾತ್ರ ನೋಡಿ ತಲೆ ಎತ್ತಿದರು.

"ಯಾರಿಗ್ ಸಾರ್ ಹುಷಾರಿಲ್ಲ?"

"ಅಪ್ಪನಿಗೆ."

"ಬಿಸಿ ಗಂಜಿ ಕೊಡ್ತಾ ಇರಿ. ಹೋಗುತ್ತೆ."

ಪಕ್ಕದ ಮನೆಯವರಿಗೂ ನಾವಿನ್ನೂ ಹೇಳಿರಲಿಲ್ಲ. ನಮ್ಮ ಕಸ ಓದಿ ಮೊದಲು ತಿಳಿದುಕೊಂಡವರು ಅವರು. ಅಪ್ಪ ಹುಷಾರಾದರು. ಆ ತಿಂಗಳು ನಮ್ಮ ಬೀದಿಯಲ್ಲಿ ಎಲ್ಲರಿಗೂ ಹಾಗಾಗಲಿಲ್ಲ.

ಹಾಗಾಗಿ ಮೊನ್ನೆ ಹೆಂಡತಿಯ ಪ್ರಶ್ನೆಗೆ ನಾನು ಭಾಷಣ ಮಾಡಲಿಲ್ಲ. ಇಬ್ಬರೂ ಕೂತು ಒಂದು ಲೆಕ್ಕಕ್ಕೆ ಬಂದೆವು. ಅಪ್ಪನ ಚೆಕಪ್ಪಿಗೆ ಆಸ್ಪತ್ರೆಗೆ ಹೋಗುವಾಗ, ಬಸ್ಸಲ್ಲಿ, ಮೆಟ್ರೋದಲ್ಲಿ ಎನ್-95. ಅದನ್ನು ತೊಳೆಯುವಂತಿಲ್ಲ, ತೊಳೆದರೆ ಸೋಸುವ ಶಕ್ತಿ ಹೋಗುತ್ತದೆ. ಕಾಗದದ ಕವರಲ್ಲಿಟ್ಟು, ಸರದಿ ಮೇಲೆ ಕೆಲವು ಸಲ ಹಾಕಿಕೊಳ್ಳುವುದು. ಹಾಲಿಗೆ, ತರಕಾರಿಗೆ, ಟೆರೇಸಿಗೆ ಬಟ್ಟೆಯದು. ಯಾರಿಗಾದರೂ ಜ್ವರ ಬಂದರೆ ಮಾತ್ರ ಸರ್ಜಿಕಲ್. ಕಾರ್ಟಿನಲ್ಲಿದ್ದ ಐವತ್ತರ ಬಾಕ್ಸ್ ತೆಗೆದು ಹತ್ತರ ಪ್ಯಾಕೆಟ್ ಹಾಕಿದಳು. "ತೊಳೆಯೋದು ಮಾತ್ರ ನೀನೇ" ಅಂದಳು. ಏಕವಚನ. ಸಮಾಧಾನವಾಯಿತು.

ಮಾರನೇ ದಿನ ಸಡಿಲಾಗಿದ್ದ ಎರಡನ್ನು ಟೈಲರ್ ಹತ್ತಿರ ಒಯ್ದು ಎಲಾಸ್ಟಿಕ್ ಹಾಕಿಸಿಕೊಂಡು ಬಂದೆ. ಅಂಗಡಿ ತುಂಬ ಮತ್ತೆ ಬ್ಲೌಸುಗಳು ನೇತಾಡುತ್ತಿದ್ದವು. ಇವತ್ತು ಬೆಳಿಗ್ಗೆ ಸೀಟಿ ಕೇಳಿ ಕೆಳಗಿಳಿದರೆ ಆ ಅಮ್ಮ ನನ್ನ ಮುಖದ ಮಾಸ್ಕ್ ನೋಡಿ ಕೇಳಿದರು.

"ಮತ್ತೆ ಶುರುವಾಯ್ತಾ ಸಾರ್?"

"ಗೊತ್ತಿಲ್ಲಮ್ಮ."

ಅವರು ನನ್ನ ಒಣಕಸದ ಚೀಲ ಬಿಚ್ಚಿ ಗೋಣಿಗೆ ಸುರಿದರು. ಡಬ್ಬಿ, ರಟ್ಟು, ಹಾಲಿನ ಕವರ್. ಒಂದು ಸಲ ಕೈಯಾಡಿಸಿ, ಚೀಲ ಕೊಡವಿ ನನ್ನ ಕೈಗೆ ಕೊಟ್ಟು ಮುಂದಿನ ಮನೆಗೆ ಹೋದರು.