ಅಭಾವದ ದಿನಗಳ ಅಡಿಗೆ



ಸಿದ್ಧ ಆಹಾರವು ಸುಖದ ಕಾಲದಲ್ಲಿ ಹುಟ್ಟಿತೆಂದು ಅನೇಕರು ಎಣಿಸುವರು, ಅದು ಹಾಗಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯು ದುರ್ಲಭವಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ರವೆಯಿಂದ ಇಡ್ಲಿ ಮಾಡಿದರೆಂದು ಹೇಳುವರು. 1975ರ ತುರ್ತುಪರಿಸ್ಥಿತಿಯಲ್ಲಿ ಸರಕಾರದ ಬೆಲೆಕಟ್ಟಳೆಯಿಂದ ನಷ್ಟವಾಗಲು, ಅವರೇ ತಿಂಡಿಯ ಹಿಟ್ಟುಗಳನ್ನು ಬೆರೆಸಿ ಪೊಟ್ಟಣ ಕಟ್ಟಿ ಮಾರತೊಡಗಿದರು.

ನಮ್ಮ ಹಿರೇಬೆಂಡಿಗೇರಿಯ ಸೀಮೆಯಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಗಳು ಇದೇ ಕೆಲಸವನ್ನು ಬಹುಕಾಲದಿಂದ ಮಾಡುತ್ತಿವೆ. ದಿನಗೂಲಿಯ ಮನೆಯಲ್ಲಿ ಅಂಗಡಿಯ ಚಿಕ್ಕ ಪೊಟ್ಟಣವು ಅಗ್ಗವೆನಿಸುವುದು. ತೂಕಕ್ಕೆ ಲೆಕ್ಕ ಹಾಕಿದರೆ ಅನೇಕ ವೇಳೆ ಅದೇ ತುಟ್ಟಿ. ಆದರೂ ಹೊಲದಿಂದ ಕತ್ತಲಲ್ಲಿ ಮರಳುವ ತಾಯಿಯನ್ನು ನಾನು ಹಳಿಯಲಾರೆ. ಒಲೆಯ ಮುಂದೆ ಒಂದು ತಾಸು ಉಳಿದರೆ ಮಗಳು ಓದಿಗೆ ಕೂಡ್ರುವಳು. ಆ ಮಗಳೇ ವಾರಕ್ಕೊಮ್ಮೆ ಸಂತೆಯ ಲೆಕ್ಕವನ್ನು ಬರೆದು ತಾಯಿಗೆ ಓದಿ ಹೇಳಲಿ.