ಮುಡಿಪಿನ ದುಡ್ಡು

ನಮ್ಮ ಮನೆಯ ದೇವರ ಜಗಲಿಯ ಮೇಲೆ ಅರಿಸಿನದ ಬಟ್ಟೆಯ ಗಂಟೊಂದು ಬಹುಕಾಲ ಇತ್ತು. ಅದರೊಳಗೆ ಇದ್ದುದು ಒಂದೂಕಾಲು ರೂಪಾಯಿ. ಚಿಕ್ಕಂದಿನಲ್ಲಿ ನಾನು ಹೊಟ್ಟೆನೋವಿನಿಂದ ನರಳುತ್ತಿದ್ದಾಗ ಅವ್ವ ಮಾನ್ವಿಯ ದಾಸರಿಗೆ ಹರಕೆ ಹೊತ್ತು ಕಟ್ಟಿಟ್ಟ ಮುಡಿಪು ಅದು. ನೋವು ನಿಂತಿತು, ಮುಡಿಪು ಹಾಗೆಯೇ ಉಳಿಯಿತು.

ರಾಯಚೂರಿನಿಂದ ಮಾನ್ವಿ ಬಹು ದೂರವೇನೂ ಅಲ್ಲ. “ಒಮ್ಮೆ ಕರಕೊಂಡು ಹೋಗಪಾ” ಎಂದು ಅವ್ವ ಕೇಳಿದಾಗಲೆಲ್ಲ ನಾನು “ಪರೀಕ್ಷೆ ಐತಿ” ಎನ್ನುತ್ತಿದ್ದೆ. ಎಷ್ಟೋ ಸಲ ಪರೀಕ್ಷೆ ಇರುತ್ತಿರಲಿಲ್ಲ. ಓದಿದವನು ಮುಡಿಪು ಹಿಡಿದು ಹೋಗುವುದೇ ಎಂಬ ನಾಚಿಕೆ. ಹೋಗದೆಯೇ ಅವ್ವ ತೀರಿಕೊಂಡಳು.

ಆ ದಾಸರೆಂದರೆ ‘ಹರಿಕಥಾಮೃತಸಾರ’ವನ್ನು ಬರೆದ ಜಗನ್ನಾಥದಾಸರು (1728–1809). ಅವರ ಪೂರ್ವದ ಹೆಸರು ಶ್ರೀನಿವಾಸಾಚಾರ್ಯ. ದೊಡ್ಡ ಸಂಸ್ಕೃತ ಪಂಡಿತರು. ವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಗಿ ಕಾಡಿತು. ಕಡೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಧಾರೆಯೆರೆದು ಉಳಿಸಿದರೆಂದು ಐತಿಹ್ಯ. ಆ ಗೋಪಾಲದಾಸರ ಹುಟ್ಟೂರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಅವ್ವನ ತವರು ಆ ಕಡೆಯೇ. ಈ ಕಥೆಯನ್ನು ಅವಳು ರೊಟ್ಟಿ ತಟ್ಟುತ್ತ ನನಗೆ ಎಷ್ಟು ಸಲ ಹೇಳಿದ್ದಳೋ! ನೆಪದ ಮಾತು ಬಂದಾಗ ನನ್ನ ಮುಖ ನೋಡುತ್ತಿರಲಿಲ್ಲ.

ಮುಂದೆ ಮಧ್ಯಯುಗದ ಇಂಗ್ಲೆಂಡಿನ ಚರಿತ್ರೆಯನ್ನು ಓದುವಾಗ ಆ ಗಂಟು ನೆನಪಾಯಿತು. ಅಲ್ಲಿಯ ಹಳ್ಳಿಯವರೂ ಕ್ಯಾಂಟರ್ಬರಿಯಂಥ ದೊಡ್ಡ ಕ್ಷೇತ್ರಕ್ಕೆ ಹೋಗಲಾಗದಿದ್ದರೆ ಹತ್ತಿರದ ಸಂತನ ಗೋರಿಗೆ ಹರಕೆ ಹೊರುತ್ತಿದ್ದರು. ರೋಗಿಯ ಮೇಲೆ ಹಿಡಿದು, ಸಂತನ ಹೆಸರು ಹೇಳಿ, ಒಂದು ಪೆನ್ನಿಯನ್ನು ಬಾಗಿಸುವರು. ಬಾಗಿದ ನಾಣ್ಯ ಆ ಸಂತನಿಗೇ ಮೀಸಲು. 1538ರಲ್ಲಿ ಎಂಟನೆಯ ಹೆನ್ರಿಯ ಸರ್ಕಾರ ಇಂತಹ ಯಾತ್ರೆಗಳನ್ನು ಖಂಡಿಸಿತು, ಗೋರಿಗಳು ಒಡೆದುಹೋದವು. ಆಗ ಎಷ್ಟು ಮನೆಗಳಲ್ಲಿ ಬಾಗಿದ ಪೆನ್ನಿಗಳು ಸಲ್ಲದೆ ಉಳಿದವೋ ಎಂದುಕೊಂಡೆ. ನಮ್ಮ ದಾಸರ ಗುಡಿಯನ್ನು ಯಾರೂ ಕೆಡವಿರಲಿಲ್ಲ. ಅಡ್ಡವಾಗಿದ್ದವನು ನಾನೇ.

ಭಾದ್ರಪದ ಶುದ್ಧ ನವಮಿ, ದಾಸರ ಆರಾಧನೆ. ಅಂದು ಗಂಟನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮಾನ್ವಿಯಲ್ಲಿ ದಾಸರು ನೆಲೆಸಿರುವರೆಂದು ನಂಬಿ ಪೂಜಿಸುವ ಕಂಬದ ಮುಂದೆ ಜನ ಕಿಕ್ಕಿರಿದಿದ್ದರು. ಗಂಟು ಬಿಚ್ಚಿದಾಗ ನಾಚಿಕೆಯಾಯಿತು: ನಾಲ್ಕಾಣೆಯ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಗಿತ್ತು.

ಪಕ್ಕದಲ್ಲಿದ್ದ ಮುದುಕಿಯೊಬ್ಬಳು, “ಯಾರ ಮುಡಿಪಪಾ?” ಎಂದಳು.

“ನಮ್ಮವ್ವಂದು. ಭಾಳ ತಡ ಆತು. ಈ ದುಡ್ಡು ಈಗ ನಡೆಂಗಿಲ್ಲ.”

“ಸಂತ್ಯಾಗ ನಡೆಂಗಿಲ್ಲ. ಇಲ್ಲಿ ಹಾಕು” ಎಂದು ಮುದುಕಿ ಹುಂಡಿಯತ್ತ ಕೈ ತೋರಿಸಿದಳು.

ಹಾಕಿದೆ. ಹೊಟ್ಟೆನೋವು ಹರಕೆಯಿಂದ ಹೋಯಿತೆಂದು ನಾನು ಇಂದಿಗೂ ಹೇಳಲಾರೆ. ಬರಿದಾದ ಹಳದಿ ಬಟ್ಟೆಯನ್ನು ಮಡಿಚಿ ಮತ್ತೆ ಜಗಲಿಯ ಮೇಲೆ ಇಟ್ಟಿದ್ದೇನೆ.