ಏಪ್ರಿಲಿನಲ್ಲಿ ಮುಗಿಯುವ ಮಾಂಟ್ರಿಯಲ್

ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿ ಒಂದು ಸೆಮಿಸ್ಟರ್ ಮಾತ್ರ ಓದಿ, ಪದವಿಯನ್ನು ತಮ್ಮ ಮೂಲ ವಿಶ್ವವಿದ್ಯಾಲಯದಿಂದಲೇ ಪಡೆಯುವವರನ್ನು ವಿನಿಮಯ ವಿದ್ಯಾರ್ಥಿಗಳು ಎಂದು ಕರೆಯುವುದು ರೂಢಿ. ನಾಲ್ಕು ತಿಂಗಳ ಈ ಅವಧಿ ಪ್ರವಾಸಕ್ಕೆ ತೀರ ಹೆಚ್ಚು, ನೆಲೆಸುವುದಕ್ಕೆ ತೀರ ಕಡಿಮೆ. ಇಂಥ ಕಲಿಕೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಆರಂಭದ ಬೆರಗು, ಮುಜುಗರ, ಒಂಟಿತನಗಳನ್ನು ವಿವರಿಸುತ್ತಾರಾದರೂ ಹೆಚ್ಚು ಗಮನಕ್ಕೆ ಅರ್ಹವಾದದ್ದು ಅದರ ಮುಕ್ತಾಯ. ಪ್ರವಾಸಿ ಊರು ಬಿಡುವಾಗ ಪೆಟ್ಟಿಗೆ ತುಂಬಿಕೊಂಡರೆ ಕೆಲಸ ಮುಗಿಯಿತು. ವಿದ್ಯಾರ್ಥಿಯಾದರೋ ಗ್ರಂಥಾಲಯದ ಪುಸ್ತಕ ಹಿಂದಿರುಗಿಸಿ, ಬ್ಯಾಂಕ್ ಖಾತೆ ಮುಚ್ಚಿ, ಫೋನ್ ಸಂಪರ್ಕ ರದ್ದು ಮಾಡಿಸಿ, ಕೋಣೆಯ ಬೀಗದ ಕೈ ಒಪ್ಪಿಸಿ, ಬಳಸಿದ ಪಾತ್ರೆಪಡಗಗಳಿಗೆ ಹೊಸ ವಾರಸುದಾರರನ್ನು ಹುಡುಕಿ ಹೊರಡಬೇಕಾಗುತ್ತದೆ. ಬಿಡಿಸಿಕೊಳ್ಳಬೇಕಾದ ಎಳೆಗಳು ಇಷ್ಟೊಂದು ಇವೆ ಎಂಬುದೇ ಆ ಊರಿನಲ್ಲಿ ಬಾಳಿದ್ದಕ್ಕೆ ಇರುವ ನಂಬತಕ್ಕ ಪುರಾವೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ನಡೆಯುವ ಚಳಿಗಾಲದ ಸೆಮಿಸ್ಟರಿನ ಕೊನೆಯಲ್ಲಿ ಈ ಮಾತು ವಿಶೇಷವಾಗಿ ಸ್ಪಷ್ಟವಾಗುತ್ತದೆ.

ಮಾಂಟ್ರಿಯಲ್ ವಿದ್ಯಾರ್ಥಿಗಳ ನಗರ. ಜೇಮ್ಸ್ ಮೆಕ್‌ಗಿಲ್ ಎಂಬ ವರ್ತಕ ಮರಣಪತ್ರದ ಮೂಲಕ ಬಿಟ್ಟುಹೋದ ಆಸ್ತಿಯಿಂದ 1821ರಲ್ಲಿ ಸ್ಥಾಪನೆಯಾದ ಮೆಕ್‌ಗಿಲ್ ವಿಶ್ವವಿದ್ಯಾಲಯವೂ, 1974ರಲ್ಲಿ ಎರಡು ಹಳೆಯ ಸಂಸ್ಥೆಗಳು ಒಂದಾಗಿ ರೂಪುಗೊಂಡ ಕಾಂಕಾರ್ಡಿಯಾವೂ ಇಂಗ್ಲಿಷಿನಲ್ಲಿ ಕಲಿಸಿದರೆ, 1878ರಲ್ಲಿ ಆರಂಭವಾದ ಮಾಂಟ್ರಿಯಲ್ ವಿಶ್ವವಿದ್ಯಾಲಯವೂ 1969ರ ಕ್ವಿಬೆಕ್ ವಿಶ್ವವಿದ್ಯಾಲಯದ ಮಾಂಟ್ರಿಯಲ್ ಶಾಖೆಯೂ ಫ್ರೆಂಚಿನಲ್ಲಿ ಕಲಿಸುತ್ತವೆ. ಭಾರತ ಮತ್ತು ಕೆನಡಾ ಸರ್ಕಾರಗಳು ಸೇರಿ 1968ರಲ್ಲಿ ಕಟ್ಟಿದ ಶಾಸ್ತ್ರಿ ಇಂಡೋ-ಕೆನೆಡಿಯನ್ ಸಂಸ್ಥೆಯಂಥವು ಎರಡು ದೇಶಗಳ ನಡುವಣ ವಿದ್ವತ್ ಸಂಬಂಧವನ್ನು ಪೋಷಿಸುತ್ತ ಬಂದಿವೆ. ಆದರೆ ಸೆಮಿಸ್ಟರ್ ವಿನಿಮಯ ಬಹುಮಟ್ಟಿಗೆ ಎರಡು ವಿಶ್ವವಿದ್ಯಾಲಯಗಳು ತಮ್ಮೊಳಗೇ ಮಾಡಿಕೊಂಡ ಒಪ್ಪಂದದ ಮೇಲೆ ನಡೆಯುತ್ತದೆ. ವಿದ್ಯಾರ್ಥಿ ಶುಲ್ಕವನ್ನು ತನ್ನ ಮೂಲ ಸಂಸ್ಥೆಗೇ ಕಟ್ಟುತ್ತಾನೆ, ಅವನಿಗೆ ಬದಲಾಗಿ ಅಲ್ಲಿಂದ ಒಬ್ಬರು ಇಲ್ಲಿಗೆ ಬರುತ್ತಾರೆ, ಹೋದವರ ಮತ್ತು ಬಂದವರ ಸಂಖ್ಯೆ ಕೆಲವು ವರ್ಷಗಳಲ್ಲಿ ಸರಿಹೊಂದಬೇಕೆಂಬುದು ಒಪ್ಪಂದದ ತಿರುಳು.

ಈ ಅಲ್ಪಾವಧಿಗೆ ಕಾನೂನಿನ ದೃಷ್ಟಿಯಲ್ಲೂ ಒಂದು ಪ್ರತ್ಯೇಕ ಸ್ಥಾನವಿದೆ. ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಕಲಿಕೆಗೆ ಕೆನಡಾದಲ್ಲಿ ಸ್ಟಡಿ ಪರ್ಮಿಟ್, ಅಂದರೆ ವ್ಯಾಸಂಗದ ಅನುಮತಿಪತ್ರ, ಕಡ್ಡಾಯವಲ್ಲ. ಸಂದರ್ಶಕರ ವೀಸಾದಲ್ಲಿ ಬಂದು ಓದಿ ಹೋಗಬಹುದು. ಹಾಗೆ ಬಂದವರು ಕೂಲಿಗೆ ದುಡಿಯುವಂತಿಲ್ಲ. 2024ರ ಜನವರಿಯಲ್ಲಿ ಕೆನಡಾ ಸರ್ಕಾರ ಹೊಸ ಅನುಮತಿಪತ್ರಗಳಿಗೆ ಮಿತಿ ಹೇರಿದ್ದೂ, ಅದೇ ತಿಂಗಳಿಂದ ಜೀವನವೆಚ್ಚಕ್ಕೆ ತೋರಿಸಬೇಕಾದ ಹಣವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿದ್ದೂ ಪದವಿಗಾಗಿ ಬರುವ ಭಾರತೀಯ ವಿದ್ಯಾರ್ಥಿಗಳನ್ನು ತಲ್ಲಣಗೊಳಿಸಿದವು. ಅವರು ತರಗತಿಯ ಜೊತೆಗೆ ದುಡಿಮೆಯ ಗಂಟೆಗಳನ್ನೂ ಎಣಿಸುತ್ತ ಬದುಕಬೇಕಾದವರು. ಅನುಮತಿಪತ್ರವಿಲ್ಲದೆ ಬಂದ ವಿನಿಮಯ ವಿದ್ಯಾರ್ಥಿಗೆ ಆ ಭಾರವೂ ಇಲ್ಲ, ಆ ಹಕ್ಕೂ ಇಲ್ಲ. ಮನೆಯವರ ಹಣದಲ್ಲೋ ವಿದ್ಯಾರ್ಥಿವೇತನದಲ್ಲೋ ಹೊಂದಿಸಿಕೊಂಡು, ಓದುವುದನ್ನೇ ಪೂರ್ಣಾವಧಿಯ ಕೆಲಸವಾಗಿ ಮಾಡಲು ದೊರೆತ ಈ ಅವಕಾಶ ನಿಜಕ್ಕೂ ದೊಡ್ಡದು. ಅದರ ಬೆಲೆ ಬಹಳ ಮಂದಿಗೆ ತಿಳಿಯುವುದು ಕೊನೆಯ ವಾರಗಳಲ್ಲಿ.

ಆ ಓದಿನ ಅಳತೆಯೂ ತಿಳಿದುಕೊಳ್ಳತಕ್ಕದ್ದು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ವಿಶ್ವವಿದ್ಯಾಲಯಗಳಲ್ಲಿ ಒಂದು ಕ್ರೆಡಿಟ್ ಎಂದರೆ 45 ಗಂಟೆಗಳ ಕಲಿಕೆ ಎಂಬ ಲೆಕ್ಕವಿದೆ. ಮೂರು ಕ್ರೆಡಿಟ್‌ಗಳ ಒಂದು ವಿಷಯಕ್ಕೆ ಹೀಗೆ 135 ಗಂಟೆಗಳಾಗುತ್ತವೆ. ವಾರಕ್ಕೆ ಮೂರು ಗಂಟೆಯಂತೆ ಹದಿಮೂರು ವಾರಗಳ ಪಾಠ ಕೇಳಿದರೂ ಅದರಲ್ಲಿ 39 ಗಂಟೆಗಳಷ್ಟೇ ಸಂದಾಯವಾಗಿ, ಉಳಿದ 96 ಗಂಟೆಗಳು ಗ್ರಂಥಾಲಯದಲ್ಲಿ, ಪ್ರಯೋಗಾಲಯದಲ್ಲಿ, ಬರವಣಿಗೆಯಲ್ಲಿ ಕಳೆಯಬೇಕಾದವು. ತರಗತಿಯಲ್ಲಿ 75 ಪ್ರತಿಶತ ಹಾಜರಿಯಿದ್ದರೆ ಪರೀಕ್ಷೆಗೆ ಅರ್ಹತೆ ಬಂದಂತೆ ಎಂದು ಭಾವಿಸಿ ಬೆಳೆದ ವಿದ್ಯಾರ್ಥಿಗೆ ಈ ವ್ಯವಸ್ಥೆ ಮೊದಮೊದಲು ಸಡಿಲವಾಗಿ ಕಾಣುತ್ತದೆ, ಏಕೆಂದರೆ ಹಾಜರಿ ಕೂಗುವವರಿಲ್ಲ. ಫೆಬ್ರವರಿಯಲ್ಲಿ ಮೂರು ಪ್ರಬಂಧಗಳ ಗಡುವು ಒಂದೇ ವಾರದಲ್ಲಿ ಬಂದಾಗ ಅದರ ಬಿಗಿ ಅರಿವಾಗುತ್ತದೆ. ಒಬ್ಬಂಟಿಯಾಗಿ ಕೂತು ಓದಿ ಬರೆದ ಆ 96 ಗಂಟೆಗಳೇ ಊರಿಗೆ ಹಿಂದಿರುಗಿದ ಮೇಲೂ ಕೈಬಿಡದೆ ಉಳಿಯುವ ಗಳಿಕೆ.

ಜನವರಿಯಲ್ಲಿ ಬಂದಿಳಿದವರು ಕಾಣುವುದು ಮುಚ್ಚಿದ ನಗರವನ್ನು. ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ರಾತ್ರಿ ಹಿಮ ತೆಗೆಯುವ ಯಂತ್ರಗಳು ಬರುವ ಮುನ್ನ, ಬೀದಿಯಲ್ಲಿ ನಿಂತ ಕಾರುಗಳನ್ನು ತೆಗೆಯಿರೆಂದು ಸೈರನ್ ಕೂಗುತ್ತದೆ. ಜನ ಅಂಗಡಿಗಳನ್ನೂ ಕಚೇರಿಗಳನ್ನೂ ಮೆಟ್ರೊ ನಿಲ್ದಾಣಗಳನ್ನೂ ಜೋಡಿಸುವ ನೆಲದಡಿಯ ಹಾದಿಗಳಲ್ಲಿ ಓಡಾಡುತ್ತಾರೆ. 1966ರಲ್ಲಿ ಆರಂಭವಾದ ಇಲ್ಲಿನ ಮೆಟ್ರೊ ಪೂರ್ತಿ ನೆಲದೊಳಗೇ, ರಬ್ಬರ್ ಚಕ್ರಗಳ ಮೇಲೆ ಓಡುತ್ತದೆ; ನಿಲ್ದಾಣ ಬಿಡುವಾಗ ಅದು ಹೊರಡಿಸುವ ಏರುಸ್ವರದ ಮೂರು ನಾದಗಳು ತಿಂಗಳೊಪ್ಪತ್ತಿನಲ್ಲಿ ಕಿವಿಗೆ ಒಗ್ಗಿಹೋಗುತ್ತವೆ. ಕಾಲಿನ ಬೂಟು ಈ ಬದುಕಿನ ದಿನಚರಿಯನ್ನು ತನ್ನ ಮೇಲೆಯೇ ಬರೆದುಕೊಳ್ಳುತ್ತದೆ: ಮಂಜು ಕರಗಿಸಲು ರಸ್ತೆಗೆ ಎರಚಿದ ಉಪ್ಪು ನೀರಿನಲ್ಲಿ ಕಲೆತು ಚರ್ಮದೊಳಕ್ಕೆ ಇಳಿದು, ಒಣಗಿದಾಗ ಹಿಮ್ಮಡಿಯ ಮೇಲ್ಭಾಗದಲ್ಲಿ ಅಂಕುಡೊಂಕಾದ ಬಿಳಿಯ ಗೆರೆಯಾಗಿ ಮೇಲೇಳುತ್ತದೆ, ವಿನಿಗರ್ ಬೆರೆಸಿದ ನೀರಿನಿಂದ ಒರೆಸಿದರೆ ಹೋಗುತ್ತದೆ, ಮರುದಿನ ಇನ್ನೊಂದು ಬೆರಳು ಮೇಲೆ ಮತ್ತೆ ಮೂಡುತ್ತದೆ. ಮನೆಯ ಬಾಗಿಲಲ್ಲಿ ಬೂಟು ಕಳಚಿ ಒಳಗೆ ಹೋಗುವ ಅಲ್ಲಿನ ಪದ್ಧತಿ ಭಾರತೀಯರಿಗೆ ಕಲಿಯಬೇಕಾದದ್ದೇನಲ್ಲ. ಕಟ್ಟಲು ಬಿಚ್ಚಲು ಹಿಡಿಯುವ ಸಮಯಕ್ಕೆ ಮಾತ್ರ ಹೊಂದಿಕೊಳ್ಳಬೇಕು.

ವಸತಿಯ ವಿಷಯದಲ್ಲಿ ಕ್ವಿಬೆಕ್‌ಗೆ ತನ್ನದೇ ಆದ ಕ್ರಮವಿದೆ. ಮನೆಯ ಅಳತೆಯನ್ನು ಮೂರೂವರೆ, ನಾಲ್ಕೂವರೆ ಎಂದು ಹೇಳುತ್ತಾರೆ. ಅಡುಗೆಮನೆಯನ್ನೂ ಸೇರಿಸಿ ಕೋಣೆಗಳನ್ನೆಣಿಸಿದರೆ ಪೂರ್ಣಸಂಖ್ಯೆ, ಕೊನೆಯ ಅರ್ಧವೆಂದರೆ ಬಚ್ಚಲುಮನೆ. ಬಾಡಿಗೆ ಕರಾರುಗಳು ಹೆಚ್ಚಾಗಿ ಹನ್ನೆರಡು ತಿಂಗಳವಾಗಿದ್ದು ಜೂನ್ 30ಕ್ಕೆ ಮುಗಿಯುತ್ತವೆ, ಆದ್ದರಿಂದ ಜುಲೈ 1ರಂದು ನಗರದ ಬೀದಿಬೀದಿಗಳಲ್ಲೂ ಮನೆ ಬದಲಾಯಿಸುವವರ ಸಂತೆ ನೆರೆಯುತ್ತದೆ. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಮೊದಲೇ ಕಟ್ಟಿ ರೂಢಿಯಾದವರಿಗೆ ಅಚ್ಚರಿಯಾಗುವ ಸಂಗತಿಯೆಂದರೆ, ಕ್ವಿಬೆಕ್‌ನಲ್ಲಿ ಮಾಲೀಕರು ಮೊದಲ ತಿಂಗಳ ಬಾಡಿಗೆಯನ್ನಲ್ಲದೆ ಬೇರೆ ಠೇವಣಿಯನ್ನು ಕೇಳುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ನಾಲ್ಕೇ ತಿಂಗಳಿಗೆ ಕರಾರು ಸಿಗುವುದು ಕಷ್ಟವಾದ್ದರಿಂದ ವಿನಿಮಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಳಬಾಡಿಗೆಗೆ, ಎಂದರೆ ಮೂಲ ಬಾಡಿಗೆದಾರರಿಂದ ಕೆಲಕಾಲಕ್ಕೆ ಪಡೆದ ಕೋಣೆಗೆ, ಮೊರೆಹೋಗುತ್ತಾರೆ. ಆ ಬಾಡಿಗೆದಾರರೂ ಎಷ್ಟೋ ಸಲ ತಾವೇ ಒಂದು ಸೆಮಿಸ್ಟರಿಗೆಂದು ಬೇರೊಂದು ದೇಶಕ್ಕೆ ಹೋದ ವಿದ್ಯಾರ್ಥಿಗಳಾಗಿರುತ್ತಾರೆ. ಅವರ ಮೇಜಿನ ಮೇಲೆ ಓದಿ, ಅವರ ಹೊದಿಕೆ ಹೊದ್ದು, ಅವರ ಬಾಣಲೆಯಲ್ಲಿ ಒಗ್ಗರಣೆ ಹಾಕಿ, ಅವರು ಮರಳಿ ಬರುವ ವಾರಕ್ಕೆ ಸರಿಯಾಗಿ ಕೋಣೆಯನ್ನು ಬಿಟ್ಟುಕೊಡುವಾಗ, ಎಂದೂ ಮುಖಾಮುಖಿಯಾಗದ ಇಬ್ಬರ ನಡುವೆ ಒಂದು ಆಪ್ತವಾದ ಪರಿಚಯ ಬೆಳೆದಿರುತ್ತದೆ.

ಮಾರ್ಚ್ ಎರಡನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದಿದ್ದ ಮಾಂಟ್ರಿಯಲ್ ಒಂಬತ್ತೂವರೆ ಗಂಟೆಗೆ ಬರುತ್ತದೆ, ಮನೆಗೆ ಫೋನ್ ಮಾಡುವ ಹೊತ್ತು ಪಲ್ಲಟಗೊಂಡು, ತಾಯಂದಿರು "ಯಾವತ್ತಿಗೆ ಟಿಕೆಟ್ ಆಗಿದೆ?" ಎಂದು ಕೇಳತೊಡಗುವುದೂ ಹೆಚ್ಚು ಕಡಿಮೆ ಇದೇ ಸಮಯಕ್ಕೆ. ಇದೇ ತಿಂಗಳು ನಗರದ ಹೊರಗಿನ ಕಾಡುಗಳಲ್ಲಿ ಮೇಪಲ್ ಮರಗಳ ರಸ ಇಳಿಯುವ ಕಾಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಹಗಲು ಅದು ಕರಗುವಷ್ಟು ಬಿಸಿಲೂ ಇದ್ದಾಗ ಮಾತ್ರ ರಸ ಹರಿಯುತ್ತದೆ, ಸುಮಾರು 40 ಲೀಟರ್ ರಸವನ್ನು ಕುದಿಸಿ ಇಂಗಿಸಿದರೆ ಒಂದು ಲೀಟರ್ ಪಾಕವಾಗುತ್ತದೆ. ಜಗತ್ತಿನ ಮೇಪಲ್ ಪಾಕದ ಸುಮಾರು 70 ಪ್ರತಿಶತ ಕ್ವಿಬೆಕ್‌ನದೇ. ಮರದಿಂದ ರಸ ತೆಗೆಯುವ ವಿದ್ಯೆ ಫ್ರೆಂಚರು ಬರುವುದಕ್ಕೂ ಹಿಂದಿನಿಂದ ಅಲ್ಲಿನ ಮೂಲನಿವಾಸಿಗಳಿಗೆ ತಿಳಿದಿತ್ತು. ಕಬಾನ್ ಆ ಸೂಕ್ರ್ ಎಂದು ಕರೆಯುವ ಈ ಪಾಕದ ಮನೆಗಳು ಕನ್ನಡಿಗರಿಗೆ ನಮ್ಮ ಆಲೆಮನೆಯನ್ನು ನೆನಪಿಗೆ ತರುತ್ತವೆ: ಒಲೆ, ಹಬೆ, ಅಗಲವಾದ ಪಾತ್ರೆ, ಸುತ್ತ ನೆರೆದ ಜನ, ಬಿಸಿಯಿರುವಾಗಲೇ ರುಚಿ ನೋಡುವ ಆತುರ, ಎಲ್ಲವೂ ಅವೇ. ಆದರೆ ಅಲ್ಲಿ ಕೊನೆಗೆ, ಹಲಗೆಯ ದೋಣಿಯಲ್ಲಿ ತುಂಬಿದ ಹಿಮದ ಮೇಲೆ ಕುದಿಯುವ ಪಾಕವನ್ನು ಗೆರೆಯಾಗಿ ಸುರಿಯುತ್ತಾರೆ, ಅದು ಕ್ಷಣದಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ, ಅದನ್ನು ಚಿಕ್ಕ ಕಡ್ಡಿಯೊಂದಕ್ಕೆ ಸುತ್ತಿ ತಿನ್ನುತ್ತಾರೆ. ಮೂರು ತಿಂಗಳು ನಡೆದಾಡಲು ತೊಡಕಾಗಿದ್ದ ಹಿಮ ತಿನಿಸಿಗೆ ತಟ್ಟೆಯಾಗುವ ಈ ಸಂಭ್ರಮವನ್ನು ಕಂಡವರಿಗೆ, ಚಳಿಗಾಲವನ್ನು ಅಲ್ಲಿಯ ಜನ ಸಹಿಸುವುದಷ್ಟೇ ಅಲ್ಲ, ಪ್ರೀತಿಸುತ್ತಾರೆ ಎಂಬುದೂ ಮನದಟ್ಟಾಗುತ್ತದೆ.

ಏಪ್ರಿಲಿನಲ್ಲಿ ನಗರ ತೆರೆದುಕೊಳ್ಳುತ್ತದೆ, ಪರೀಕ್ಷೆಗಳೂ ಅದೇ ತಿಂಗಳು. ಹಿಮ ಕರಗಿದಾಗ ಮೊದಲು ಹೊರಬೀಳುವುದು ಚೆಲುವಲ್ಲ. ಚಳಿಗಾಲವಿಡೀ ಬಿದ್ದ ಜಲ್ಲಿ, ಕಳೆದುಹೋದ ಕೈಗವಸು, ಹೆಪ್ಪುಗಟ್ಟಿ ಕರಗುವ ನೀರಿನಿಂದ ಒಡೆದ ರಸ್ತೆಯ ಗುಂಡಿಗಳು. ಆಮೇಲೆ ಹೊರಮೆಟ್ಟಿಲುಗಳ ಮೇಲೆ ಜನ ಕಾಫಿ ಹಿಡಿದು ಕೂರತೊಡಗುತ್ತಾರೆ, 2009ರಲ್ಲಿ ಇಲ್ಲಿಯೇ ಆರಂಭವಾದ ಬಿಕ್ಸಿ ಎಂಬ ಸಾರ್ವಜನಿಕ ಸೈಕಲ್ಲುಗಳು ಬೀದಿಬೀದಿಗೆ ಮರಳುತ್ತವೆ, ಸಂಜೆಯ ಬೆಳಕು ಎಂಟು ಗಂಟೆಯ ಹತ್ತಿರದವರೆಗೆ ನಿಲ್ಲುತ್ತದೆ. ಇದನ್ನೆಲ್ಲ ವಿದ್ಯಾರ್ಥಿ ನೋಡುವುದು ಗ್ರಂಥಾಲಯದ ಕಿಟಕಿಯಿಂದ. ಮೆಕ್‌ಗಿಲ್‌ನಲ್ಲಿ ದೊಡ್ಡ ತರಗತಿಗಳ ಅಂತಿಮ ಪರೀಕ್ಷೆಗಳು ಕ್ರೀಡಾಂಗಣದ ಸೂರಿನಡಿಯಲ್ಲಿ ನಡೆಯುತ್ತವೆ; ನೂರಾರು ಮೇಜುಗಳು ಸಾಲಾಗಿ ನಿಂತು, ಒಂದು ಸಾಲಿಗೆ ಅರ್ಥಶಾಸ್ತ್ರ, ಪಕ್ಕದ ಸಾಲಿಗೆ ಜೀವರಸಾಯನಶಾಸ್ತ್ರ ಎಂಬಂತೆ ಹಂಚಿಕೆಯಾಗಿರುತ್ತವೆ. ಅಲ್ಲಿಂದ ಹೊರಬಂದವರಿಗೆ ಉಳಿಯುವುದು ಕೆಲವೇ ದಿನಗಳು. ಫ್ರೆಡರಿಕ್ ಲಾ ಓಮ್‌ಸ್ಟೆಡ್ ರೂಪಿಸಿ 1876ರಲ್ಲಿ ತೆರೆದ ಮೌಂಟ್ ರಾಯಲ್ ಉದ್ಯಾನದ ಬುಡದಲ್ಲಿ ಬೇಸಿಗೆಯ ಭಾನುವಾರಗಳಂದು ತಾನಾಗಿ ನೆರೆಯುವ ಡೋಲುಗಾರರ ಕೂಟವನ್ನು ಬಿರುಬಿಸಿಲಿನಲ್ಲಿ ಕೇಳುವ ಭಾಗ್ಯ ಚಳಿಗಾಲದ ಸೆಮಿಸ್ಟರಿನವರಿಗೆ ಇಲ್ಲ. ಶೈಕ್ಷಣಿಕ ವೇಳಾಪಟ್ಟಿ ಮಾಡುವ ಈ ಅನ್ಯಾಯವನ್ನು ಸರಿಪಡಿಸುವ ಉಪಾಯವಿದ್ದರೆ ಒಂದೇ: ಪರೀಕ್ಷೆ ಮುಗಿದ ಮರುದಿನಕ್ಕೇ ಟಿಕೆಟ್ ತೆಗೆಯದಿರುವುದು.

ಹೊರಡುವ ವಾರದಲ್ಲಿ ವಸ್ತುಗಳು ಕೈ ಬದಲಾಯಿಸುತ್ತವೆ. ವಿಮಾನದ ತೂಕದ ಮಿತಿ ನಿಷ್ಠುರವಾದದ್ದರಿಂದ ದಪ್ಪ ಕೋಟು, ಅನ್ನದ ಕುಕ್ಕರ್, ಅರ್ಧ ಉಳಿದ ತೊಗರಿಬೇಳೆ, ಓದುವ ದೀಪ ಮುಂತಾದವು ಸೆಪ್ಟೆಂಬರಿನಲ್ಲಿ ಬರುವವರಿಗಾಗಿ ಯಾರದಾದರೂ ಉಗ್ರಾಣ ಸೇರುತ್ತವೆ ಅಥವಾ ಹಳೆಯ ವಸ್ತುಗಳ ಅಂಗಡಿಗೆ ಹೋಗುತ್ತವೆ. ಇದೇ ಕುಕ್ಕರ್ ಹಿಂದೆ ಎಷ್ಟು ದೇಶಗಳವರಿಗೆ ಅನ್ನ ಬೇಯಿಸಿತ್ತೋ ಹೇಳಲಾಗದು. ತಾಯ್ನಾಡಿನಲ್ಲಿ ಹಣ ಬದಲಾಯಿಸುವವರು ನಾಣ್ಯಗಳನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲ, ಆದ್ದರಿಂದ ಲೂನ್ ಹಕ್ಕಿಯ ಚಿತ್ರದಿಂದ ಲೂನಿ ಎಂದು ಹೆಸರಾದ ಒಂದು ಡಾಲರಿನ ನಾಣ್ಯಗಳೆಲ್ಲ, ಜೇನು ಬೆರೆಸಿದ ನೀರಿನಲ್ಲಿ ಬೇಯಿಸಿ ಸೌದೆಯ ಒಲೆಯಲ್ಲಿ ಸುಡುವ ಮಾಂಟ್ರಿಯಲ್‌ನ ಬೇಗಲ್‌ಗಳಿಗೆ ಖರ್ಚಾಗುತ್ತವೆ. ಚಳಿಗಾಲ ಮಾತ್ರ ವಿದ್ಯಾರ್ಥಿಗಳಿಗಿಂತ ತಡವಾಗಿ ಊರು ಬಿಡುತ್ತದೆ: ಬೀದಿಗಳಿಂದ ತೆಗೆದ ಹಿಮವನ್ನು ಸುರಿಯುವ ಸೇಂಟ್ ಮಿಷೆಲ್ ಪ್ರದೇಶದ ಫ್ರಾಂಕನ್ ಎಂಬ ಹಳೆಯ ಕಲ್ಲುಗಣಿಯಲ್ಲಿ, ಧೂಳು ಮೆತ್ತಿ ಕಪ್ಪಾದ ಮಂಜಿನ ಗುಡ್ಡ ಬೇಸಿಗೆಯ ಬಿಸಿಲಿನಲ್ಲೂ ಕರಗದೆ ನಿಂತಿರುತ್ತದೆ.

ಕೊನೆಯ ಕೆಲಸ ನಡೆಯುವುದು ವಿದ್ಯಾರ್ಥಿ ಊರು ಸೇರಿದ ಮೇಲೆ. ಅಲ್ಲಿಂದ ಅಂಕಪಟ್ಟಿ ಬರುತ್ತದೆ, ಎ, ಬಿ, ಸಿ ಎಂಬ ಅಕ್ಷರಗಳಲ್ಲಿರುವ ಶ್ರೇಣಿಯನ್ನು ಮೂಲ ವಿಶ್ವವಿದ್ಯಾಲಯದ ಸಮಿತಿ ತನ್ನ ಕೋಷ್ಟಕಕ್ಕೆ ಹೊಂದಿಸಬೇಕು, ಅಲ್ಲಿ ಓದಿದ ಪ್ರತಿ ವಿಷಯಕ್ಕೂ ಇಲ್ಲಿನ ಯಾವ ವಿಷಯ ಸಮಾನವೆಂದು ತೀರ್ಮಾನಿಸಬೇಕು. ಗಣಿತಕ್ಕೋ ಸಂಖ್ಯಾಶಾಸ್ತ್ರಕ್ಕೋ ಸಮಾನವಾದದ್ದು ಸುಲಭವಾಗಿ ದೊರೆಯುತ್ತದೆ. ಕ್ವಿಬೆಕ್‌ನ ಚರಿತ್ರೆಯನ್ನೋ ಉತ್ತರ ಧ್ರುವ ಪ್ರದೇಶದ ಭೂಗೋಳವನ್ನೋ ಆರಿಸಿಕೊಂಡಿದ್ದರೆ ತೊಡಕು ಅಲ್ಲಿ. ಆ ಹೆಸರಿನ ಪಾಠ ಇಲ್ಲಿಯ ಪಟ್ಟಿಯಲ್ಲಿ ಇರುವುದಿಲ್ಲ. ಅಂಥ ವಿಷಯ ಓದುವುದಕ್ಕೆಂದೇ ಅಷ್ಟು ದೂರ ಹೋದದ್ದು ಎಂಬುದನ್ನು ಸಮಿತಿಗಳು ಒಪ್ಪಿ, ಅದನ್ನು ಐಚ್ಛಿಕ ವಿಷಯವಾಗಿಯಾದರೂ ದಾಖಲಿಸಬೇಕು. ಹಾಗೆ ಒಪ್ಪಿಸಬೇಕಾದರೆ ವಾರವಾರದ ಪಾಠಗಳ ವಿವರ, ಓದಬೇಕಾದ ಪುಸ್ತಕಗಳ ಪಟ್ಟಿ, ಬರೆದ ಪ್ರಬಂಧಗಳ ಪ್ರತಿ ಇವೆಲ್ಲ ಕೈಯಲ್ಲಿರಬೇಕು. ವಿಶ್ವವಿದ್ಯಾಲಯ ಕೊಟ್ಟ ಖಾತೆ ಮುಚ್ಚುವ ಮುನ್ನವೇ ಅವನ್ನು ತೆಗೆದಿಟ್ಟುಕೊಂಡವರಿಗೆ ಆ ಮೂರು ಕ್ರೆಡಿಟ್‌ಗಳೂ ದಕ್ಕುತ್ತವೆ.